ಚಿಗರಿ ಬಸ್ಸೋ, ಸ್ವಂತ ಕಾರೋ: ಹುಬ್ಬಳ್ಳಿ–ಧಾರವಾಡ ನಿತ್ಯ ಓಡಾಡುವವರಿಗೆ ಒಂದು ವಿಮರ್ಶೆ

ಚಿಗರಿ ಅಂದರೆ ಹುಬ್ಬಳ್ಳಿ–ಧಾರವಾಡ ನಡುವೆ ಬಹುಪಾಲು ತನ್ನದೇ ಮೀಸಲು ಪಥದಲ್ಲಿ ಓಡುವ ಎ.ಸಿ. ಬಸ್ಸು. ಅದರ ಮಾತು ಬಂದಾಗೆಲ್ಲ ಜನ ಮೊದಲು ಹೇಳುವುದು ಎ.ಸಿ. ವಿಷಯ. ಏಪ್ರಿಲ್ ಬಿಸಿಲಿನಲ್ಲೂ ತಂಪಾಗಿ ಹೋಗಬಹುದು, ಧೂಳಿಲ್ಲ, ಸೀಟು ಚಲೋ ಅದಾವು. ಎಲ್ಲ ಖರೆ. ಆದರೆ ತಂಪು ಕಾರಿನಲ್ಲೂ ಸಿಗುತ್ತದೆ. ಈ ಬಸ್ಸು ಕಾರನ್ನು ಸೋಲಿಸುವುದು ಬೇರೆ ಮೂರು ಕಾರಣಗಳಿಗೆ: ಅದಕ್ಕೆಂದೇ ಬಿಟ್ಟ ಪಥ, ನಿಲ್ದಾಣದ ಕಟ್ಟೆಯಿಂದ ಮೆಟ್ಟಿಲಿಲ್ಲದೆ ನೇರವಾಗಿ ಬಸ್ಸಿನೊಳಗೆ ಕಾಲಿಡುವ ವ್ಯವಸ್ಥೆ, ಮತ್ತು ಹತ್ತುವ ಮೊದಲೇ ಟಿಕೆಟ್ ಮುಗಿದಿರುವುದು. ಮೂರೂ ನಡೆಯುವ ಕಡೆ ಚಿಗರಿ ಕಾರಿಗಿಂತ ಮುಂದೆ. ಮೂರರಲ್ಲಿ ಒಂದು ಕೈಕೊಟ್ಟರೂ ಅದು ಎ.ಸಿ. ಇರುವ ಸಾದಾ ಬಸ್ಸು, ಅಷ್ಟೇ.

ಮಾರ್ಗದ ಉದ್ದ 22 ಕಿಲೋಮೀಟರಿಗಿಂತ ತುಸು ಹೆಚ್ಚು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು. ವಿಶ್ವಬ್ಯಾಂಕಿನ ನೆರವು ಪಡೆದ ಯೋಜನೆ ಇದು. ಬಸ್ಸುಗಳನ್ನು ಓಡಿಸುವುದು ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಅದಕ್ಕೂ ಮೊದಲು ಎರಡೂ ಊರಿನ ನಡುವೆ ಖಾಸಗಿಯವರ ಬೇಂದ್ರೆ ಬಸ್ಸು, ಸಂಸ್ಥೆಯ ಕೆಂಪು ಬಸ್ಸು, ಟಂಟಂ ರಿಕ್ಷಾ ಇವೇ ಜನರನ್ನು ಹೊತ್ತು ಓಡಾಡುತ್ತಿದ್ದವು.

ಮೊದಲು ಪಥದ ವಿಷಯ. ಹುಬ್ಬಳ್ಳಿಯ ಹೊಸೂರು ದಾಟಿದ ಮೇಲೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ನಡುವಿನ ಭಾಗ ಬಸ್ಸಿಗೆ ಮೀಸಲು. ಕಿಮ್ಸ್, ವಿದ್ಯಾನಗರ, ಬಿ.ವಿ.ಬಿ., ಉಣಕಲ್ ಕ್ರಾಸ್, ಉಣಕಲ್ ಕೆರೆ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು: ಈ ಸಾಲಿನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಪಕ್ಕದ ಪಥದಲ್ಲಿ ಕಾರುಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದರೂ ಬಸ್ಸಿನ ವೇಗ ಇಳಿಯುವುದಿಲ್ಲ. ನಿಲ್ದಾಣಗಳ ಬಳಿ ಪಥ ಅಗಲವಾಗಿದೆ. ಎಲ್ಲ ಕಡೆ ನಿಲ್ಲುವ ಬಸ್ಸನ್ನು ಎಕ್ಸ್‌ಪ್ರೆಸ್ ಬಸ್ಸು ಅಲ್ಲಿಯೇ ದಾಟಿ ಹೋಗಬಹುದು. ಸಾಮಾನ್ಯ ಸಿಟಿ ಬಸ್ಸಿಗೆ ಈ ಅನುಕೂಲ ಇಲ್ಲ. ಅದು ರಿಕ್ಷಾ, ಬೈಕು, ತರಕಾರಿ ಗಾಡಿಗಳ ನಡುವೆ ಎಡಕ್ಕೆ ಸರಿದು ನಿಲ್ಲಬೇಕು, ಮತ್ತೆ ಹಾರ್ನ್ ಹೊಡೆಯುತ್ತ ಬಲಕ್ಕೆ ಬರಬೇಕು. ಆ ಒಂದು ತಿಣುಕಾಟಕ್ಕೇ ಪ್ರತಿ ನಿಲುಗಡೆಯಲ್ಲಿ ಅರ್ಧ ನಿಮಿಷ ಹೋಗುತ್ತದೆ.

ಎರಡನೆಯದು ಹತ್ತುವ ಬಗೆ. ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಮಟ್ಟದಲ್ಲಿವೆ, ನೆಲದಿಂದ ಸುಮಾರು 90 ಸೆಂಟಿಮೀಟರ್. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಬಾಗಿಲು ಬಲಗಡೆ. ಮೊಣಕಾಲು ನೋವಿನ ಅಜ್ಜ-ಅಜ್ಜಿಯರಿಗೆ, ಕಿಮ್ಸ್‌ಗೋ ಎಸ್.ಡಿ.ಎಂ. ಆಸ್ಪತ್ರೆಗೋ ಬರುವ ರೋಗಿಗಳಿಗೆ, ಬಸುರಿಯರಿಗೆ, ಗಾಲಿಕುರ್ಚಿಯವರಿಗೆ ಇದರ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಕಾರಿನಿಂದ ಬಗ್ಗಿ ಏಳುವುದಕ್ಕಿಂತಲೂ ಇದು ಸಲೀಸು. ಕೆಂಪು ಬಸ್ಸಿನ ಮೆಟ್ಟಿಲು ಹತ್ತಿ ಒಬ್ಬರು ಒಳಗೆ ಹೋಗಲು ಮೂರು-ನಾಲ್ಕು ಸೆಕೆಂಡು ಬೇಕು, ಕೈಯಲ್ಲಿ ಚೀಲ ಇದ್ದರೆ ಇನ್ನೂ ಹೆಚ್ಚು. ಇಲ್ಲಿ ಅದರ ಅರ್ಧವೂ ಸಾಕು. ಇಪ್ಪತ್ತು ನಿಲ್ದಾಣಗಳಲ್ಲಿ ತಲಾ ಇಪ್ಪತ್ತು ಸೆಕೆಂಡು ಉಳಿದರೂ ದಾರಿಯುದ್ದಕ್ಕೆ ಆರೇಳು ನಿಮಿಷ ಕಡಿಮೆಯಾಯಿತು.

ಆದರೆ ಇದು ಚಾಲಕರ ಕೈಚಳಕದ ಮೇಲೆ ನಿಂತಿದೆ. ಬಸ್ಸು ಕಟ್ಟೆಗೆ ಒತ್ತಿ, ನಿಲ್ದಾಣದ ಬಾಗಿಲಿಗೆ ಸರಿಯಾಗಿ ನಿಲ್ಲಬೇಕು. ಒಂದು ಗೇಣು ದೂರ ನಿಂತರೆ ನಡುವೆ ಸಂದು ಉಳಿಯುತ್ತದೆ, ಮಕ್ಕಳ ಕಾಲು ಸಿಕ್ಕಿಕೊಳ್ಳುವ ಅಪಾಯ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬಾಗಿಲು ಪೂರ್ತಿ ತೆರೆದ ಮೇಲೆ ಒಮ್ಮೆ ಕೆಳಗೆ ನೋಡಿಯೇ ಕಾಲಿಡಲಿ. ನಿಲ್ದಾಣದ ಗಾಜಿನ ಬಾಗಿಲು ಕೆಟ್ಟು ತೆರೆದೇ ಉಳಿದಿದ್ದರೆ ಕಟ್ಟೆಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಬಸ್ಸಿನ ಕನ್ನಡಿ ಅಂಚಿಗೆ ಹತ್ತಿರ ಬರುತ್ತದೆ.

ಮೂರನೆಯದು ಟಿಕೆಟ್. ನಿಲ್ದಾಣದ ಬಾಗಿಲಲ್ಲಿರುವ ಕೌಂಟರಿನಲ್ಲಿ ಇಳಿಯುವ ಜಾಗ ಹೇಳಿ ಟಿಕೆಟ್ ಪಡೆಯಬೇಕು, ಗೇಟಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ ಒಳಗೆ ಹೋಗಬೇಕು. ಇಳಿಯುವ ತನಕ ಅದನ್ನು ಎಸೆಯಬೇಡಿ, ಮಡಚಿ ಸುಕ್ಕು ಮಾಡಲೂ ಬೇಡಿ. ಕೋಡ್ ಇರುವ ಭಾಗ ಸುಕ್ಕಾದರೆ ಗೇಟು ಓದುವುದಿಲ್ಲ. ಬಸ್ಸಿನೊಳಗೆ ಕಂಡಕ್ಟರ್ ಇಲ್ಲದ ಕಾರಣ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಮುಂದಿನ ನಿಲ್ದಾಣಕ್ಕೆ ಹೋಗುತ್ತೇನೆ ಅಂದರೆ ಅಲ್ಲಿ ಕೇಳುವವರಿಲ್ಲ. ಆದ್ದರಿಂದ ಎಲ್ಲಿ ಇಳಿಯಬೇಕೆಂಬುದು ಕೌಂಟರಿನಲ್ಲೇ ತೀರ್ಮಾನವಾಗಿರಲಿ. ನಿತ್ಯ ಓಡಾಡುವವರು ಸ್ಮಾರ್ಟ್ ಕಾರ್ಡ್ ಮಾಡಿಸುವುದು ಒಳಿತು. ಬೆಳಗ್ಗೆ ಒಂಬತ್ತರಿಂದ ಹತ್ತರ ನಡುವೆ ವಿದ್ಯಾನಗರ, ಬಿ.ವಿ.ಬಿ., ಜುಬಿಲಿ ವೃತ್ತದಂಥ ಕಡೆ ಸಮಯ ತಿನ್ನುವುದು ಬಸ್ಸಿಗಿಂತ ಕೌಂಟರಿನ ಸಾಲು. ಚಿಲ್ಲರೆ ಕೈಯಲ್ಲಿದ್ದರೆ ನಿಮಗೂ ಹಿಂದಿನವರಿಗೂ ಉಪಕಾರ.

ಬಸ್ಸಿನ ಸಂಖ್ಯೆ ನೋಡಿ ಹತ್ತಿ. 200ಎ ದಾರಿಯ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ. 100ಡಿ ಎಕ್ಸ್‌ಪ್ರೆಸ್, ಆಯ್ದ ಕಡೆ ಮಾತ್ರ. ರಾಯಾಪುರದಲ್ಲೋ ಸಂಜೀವಿನಿ ಪಾರ್ಕಿನಲ್ಲೋ ಇಳಿಯಬೇಕಾದವರು ಮೊದಲು ಬಂತೆಂದು 100ಡಿ ಹತ್ತಿ ಮುಂದೆ ಹೋಗಿ ಮರಳುವುದು ಹೊಸಬರಲ್ಲಿ ಸಾಮಾನ್ಯ. ತುದಿಯಿಂದ ತುದಿಗೆ ಹೋಗುವವರು ಐದು ನಿಮಿಷ ಕಾದಾದರೂ ಎಕ್ಸ್‌ಪ್ರೆಸ್ಸನ್ನೇ ಹಿಡಿಯಲಿ. ದಾರಿ ನಡುವೆ ಇಳಿಯುವವರಿಗೆ 200ಎ ಸಾಕು. ಒಟ್ಟು ಸಮಯ ಮುಕ್ಕಾಲು ಗಂಟೆಯ ಆಚೀಚೆ ಎಂದು ಲೆಕ್ಕ ಹಾಕಿ. ಹುಬ್ಬಳ್ಳಿ ಪೇಟೆಯೊಳಗಿನ ತುಂಡು ಹೇಗಿದೆ ಎನ್ನುವುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ.

ಈಗ ದುಡ್ಡಿನ ಮಾತು. ಊರೊಳಗೆ ಓಡುವ ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದೂವರೆ ಲೀಟರ್, ಹೋಗಿ ಬರಲು ಮೂರು ಲೀಟರ್. ಲೀಟರಿಗೆ ನೂರು ರೂಪಾಯಿ ಅಂತಲೇ ಹಿಡಿದರೂ ದಿನಕ್ಕೆ 300, ತಿಂಗಳಿಗೆ 25 ದಿನ ಕೆಲಸ ಎಂದರೆ 7,500 ರೂಪಾಯಿ ಬರೀ ಪೆಟ್ರೋಲಿಗೆ. ಚಿಗರಿಯ ಟಿಕೆಟ್ ದರ ಆಗಾಗ ಪರಿಷ್ಕರಣೆ ಆಗುತ್ತದೆ, ಕೌಂಟರಿನ ಫಲಕ ನೋಡುವುದೇ ಸರಿ; ಆದರೂ ತುದಿಯಿಂದ ತುದಿಗೆ ಒಬ್ಬರ ಟಿಕೆಟ್ ಅರ್ಧ ಲೀಟರ್ ಪೆಟ್ರೋಲಿನ ಬೆಲೆ ಮುಟ್ಟುವುದಿಲ್ಲ. ಅಂದರೆ ಒಬ್ಬರೇ ಕಾರಿನಲ್ಲಿ ಹೋಗುವವರು ಕನಿಷ್ಠ ಮೂರು ಪಟ್ಟು ಖರ್ಚು ಮಾಡುತ್ತಿದ್ದಾರೆ.

ಇಲ್ಲಿ ಒಂದು ಎಚ್ಚರ. ಕಾರಿನ ಖರ್ಚು ಲೆಕ್ಕ ಹಾಕುವವರು ಹಲವರು ಸಾಲದ ಕಂತು, ವಿಮೆ, ಬೆಲೆ ಇಳಿತ ಎಲ್ಲವನ್ನೂ ಬಸ್ಸಿನ ಎದುರು ಇಡುತ್ತಾರೆ. ಕಾರು ಈಗಾಗಲೇ ಮನೆ ಮುಂದೆ ನಿಂತಿದ್ದರೆ ಆ ಲೆಕ್ಕ ತಪ್ಪು. ನೀವು ಬಸ್ಸು ಹತ್ತಿದ ಮಾತ್ರಕ್ಕೆ ವಿಮೆಯ ಕಂತು ಕಡಿಮೆಯಾಗುವುದಿಲ್ಲ. ಆಗ ಉಳಿಯುವುದು ಪೆಟ್ರೋಲು, ಟೈರು, ಸರ್ವಿಸ್, ಪಾರ್ಕಿಂಗ್ ದುಡ್ಡು ಮಾತ್ರ. ಆದರೆ ಇನ್ನೂ ಕಾರು ಕೊಂಡಿಲ್ಲ, ಅಥವಾ ಮನೆಗೆ ಎರಡನೆಯ ಕಾರು ಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದರೆ ಪೂರ್ತಿ ಲೆಕ್ಕ ಹಾಕಲೇಬೇಕು. ಎಂಟು ಲಕ್ಷದ ಕಾರು ಹತ್ತು ವರ್ಷದ ನಂತರ ಎರಡು ಲಕ್ಷಕ್ಕೆ ಮಾರಾಟವಾದರೆ ತಿಂಗಳಿಗೆ 5,000 ರೂಪಾಯಿ ಬೆಲೆ ಇಳಿತದಲ್ಲೇ ಕರಗಿತು. ಬಡ್ಡಿ, ವಿಮೆ ಇನ್ನೂ ಸೇರಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಒಬ್ಬರಿಗಾದರೂ ಚಿಗರಿಯ ದಾರಿ ಹೊಂದುತ್ತಿದ್ದರೆ ಎರಡನೆಯ ಕಾರು ಖಂಡಿತ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ನಾಲ್ಕು ಜನ ಒಟ್ಟಿಗೆ ಹೊರಟಾಗ ಚಿತ್ರ ಬದಲಾಗುತ್ತದೆ. ನಾಲ್ಕು ಟಿಕೆಟ್ಟಿನ ಮೊತ್ತವೂ ಒಂದೂವರೆ ಲೀಟರ್ ಪೆಟ್ರೋಲಿನ ಬೆಲೆಯೂ ಹತ್ತಿರ ಹತ್ತಿರ ಬರುತ್ತವೆ. ಮದುವೆಗೆ ಚೀಲಗಳ ಸಮೇತ ಹೋಗುವ ಕುಟುಂಬಕ್ಕೆ ಕಾರನ್ನು ಬಿಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ನಿತ್ಯ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಹೋಗುವುದೇ ಪಿ.ಬಿ. ರಸ್ತೆಯನ್ನು ತುಂಬಿಸಿರುವುದು.

ಇಂಧನದ ಲೆಕ್ಕ ಇನ್ನೂ ಸ್ಪಷ್ಟ. ಎ.ಸಿ. ಇರುವ ಸಿಟಿ ಬಸ್ಸು ಒಂದು ಲೀಟರ್ ಡೀಸೆಲ್‌ಗೆ ಸುಮಾರು ಎರಡೂವರೆಯಿಂದ ಮೂರು ಕಿಲೋಮೀಟರ್ ಓಡುತ್ತದೆ. ಕಡಿಮೆಯದನ್ನೇ ಹಿಡಿದರೆ 22 ಕಿಲೋಮೀಟರಿಗೆ ಒಂಬತ್ತು ಲೀಟರಿನ ಹತ್ತಿರ. ಐವತ್ತು ಜನ ಇದ್ದರೆ ತಲಾ 180 ಮಿಲಿಲೀಟರ್. ಮಧ್ಯಾಹ್ನದ ಬಸ್ಸಿನಲ್ಲಿ ಬರೀ ಹತ್ತು ಜನ ಇದ್ದರೂ ತಲಾ 900 ಮಿಲಿಲೀಟರ್, ಒಬ್ಬರೇ ಕುಳಿತ ಕಾರಿನ ಒಂದೂವರೆ ಲೀಟರಿಗಿಂತ ಕಡಿಮೆಯೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಎರಡು ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೋಗಿ ಬರುವ ಒಂದು ಕಾರಿನಿಂದ ದಿನಕ್ಕೆ ಏಳು ಕಿಲೋ ಅಂದಾಜು. ಸಂಜೆ ಉಣಕಲ್ ಕೆರೆ ದಂಡೆಯಲ್ಲಿ ಅಡ್ಡಾಡುವವರು ಕುಡಿಯುವ ಗಾಳಿಯೂ ಇದೇ ರಸ್ತೆಯದು.

ಜಾಗದ ಪ್ರಶ್ನೆಯನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ. ನಿಂತ ಕಾರಿಗೆ ಹನ್ನೆರಡು ಚದರ ಮೀಟರಿನಷ್ಟು ನೆಲ ಬೇಕು. ದುರ್ಗದಬೈಲು, ಕೊಪ್ಪಿಕರ್ ರಸ್ತೆ, ದಾಜಿಬಾನಪೇಟೆ, ಧಾರವಾಡದ ಸುಭಾಸ ರಸ್ತೆ, ಲೈನ್ ಬಜಾರ: ಇವು ಕಾರು ಬರುವ ಮೊದಲೇ ಬೆಳೆದ ಪೇಟೆಗಳು. ಅಲ್ಲಿಗೆ ಕಾರು ತೆಗೆದುಕೊಂಡು ಹೋದವರು ಮೂರು ಸುತ್ತು ಹಾಕಿ, ಕೊನೆಗೆ ದೂರದಲ್ಲೆಲ್ಲೋ ನಿಲ್ಲಿಸಿ ನಡೆದೇ ಬರುತ್ತಾರೆ. ಆ ನಡಿಗೆ ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣವಾದ ಸಿ.ಬಿ.ಟಿ.ಯಿಂದ ನಡೆಯುವುದಕ್ಕಿಂತ ಕಡಿಮೆ ಇರುವುದಿಲ್ಲ. ಪೇಟೆ ಕೆಲಸಕ್ಕೆ ಧಾರವಾಡದಿಂದ ಬರುವವರಿಗೆ ಚಿಗರಿಯಷ್ಟು ಸರಳ ದಾರಿ ಮತ್ತೊಂದಿಲ್ಲ.

ಇನ್ನು ಕೊರತೆಗಳು. ಇವನ್ನು ಮುಚ್ಚಿಟ್ಟು ಹೊಗಳಿದರೆ ಯಾರಿಗೂ ಪ್ರಯೋಜನವಿಲ್ಲ.

ಹುಬ್ಬಳ್ಳಿ ಪೇಟೆಯೊಳಗೆ, ರೈಲು ನಿಲ್ದಾಣದಿಂದ ಹೊಸೂರಿನ ತನಕ, ಬಸ್ಸು ಎಲ್ಲ ವಾಹನಗಳ ಜೊತೆಯೇ ತೆವಳಬೇಕು. ಚನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿ ಶುರುವಾದ ಮೇಲಂತೂ ಈ ತುಂಡಿನಲ್ಲಿ ದಾರಿಯೂ ಬದಲಾಗುತ್ತದೆ, ಸಮಯವೂ ಕೈಗೆ ಸಿಗುವುದಿಲ್ಲ. ಎರಡು ಮೂರು ಚಿಗರಿ ಒಟ್ಟಿಗೆ ಬಂದು ಆಮೇಲೆ ಬಹಳ ಹೊತ್ತು ಒಂದೂ ಬಾರದಿರುವುದಕ್ಕೆ ಮೂಲ ಇಲ್ಲಿದೆ. ಮುಂದಿನ ಬಸ್ಸು ದಟ್ಟಣೆಯಲ್ಲಿ ಸಿಕ್ಕಿ ತಡವಾಯಿತು ಅನ್ನಿ. ಅಷ್ಟರಲ್ಲಿ ನಿಲ್ದಾಣಗಳಲ್ಲಿ ಜನ ಹೆಚ್ಚಾಗಿರುತ್ತಾರೆ. ಅವರನ್ನೆಲ್ಲ ಹತ್ತಿಸಿಕೊಳ್ಳುತ್ತ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನವೇ ಉಳಿದಿರುವುದಿಲ್ಲ, ಅದು ಸರಾಗವಾಗಿ ಬಂದು ಮುಂದಿನದರ ಬೆನ್ನು ಹಿಡಿಯುತ್ತದೆ. ಹಾಗಾಗಿ ತುಂಬಿ ತುಳುಕುವ ಚಿಗರಿ ಬಂದರೆ ನುಗ್ಗಬೇಡಿ. ಹಿಂದೆಯೇ ಖಾಲಿ ಬಸ್ಸು ಬರುವ ಸಾಧ್ಯತೆ ಹೆಚ್ಚು. ಪೇಟೆಯಲ್ಲಿ ಕೆಲಸವಿಲ್ಲದವರು ರಿಕ್ಷಾದಲ್ಲಿ ಹೊಸೂರಿಗೇ ಬಂದು ಅಲ್ಲಿಂದ ಹತ್ತುವುದು ಜಾಣತನ.

ರಸ್ತೆ ದಾಟುವುದು ಎರಡನೆಯ ಕೊರತೆ, ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡದು. ನಿಲ್ದಾಣ ನಡುವೆ ಇರುವುದರಿಂದ ಪ್ರತಿಯೊಬ್ಬರೂ ಕಾರು-ಲಾರಿಗಳ ಪಥ ದಾಟಿಯೇ ಹೋಗಬೇಕು, ಕೆಲವು ಕಡೆ ಬಸ್ಸಿನ ಪಥವನ್ನೂ. ಪಾದಚಾರಿ ಸಿಗ್ನಲ್ ಇರುವಲ್ಲೂ ವಾಹನಗಳು ನಿಲ್ಲುತ್ತವೆ ಎಂದು ನಂಬಿ ಹೆಜ್ಜೆ ಇಡುವಂತಿಲ್ಲ. ಬಸ್ಸಿನ ಪಥ ಖಾಲಿ ಕಾಣುತ್ತದೆ ಎಂದು ಬೇಲಿ ಸಂದಿಯಲ್ಲಿ ನುಸುಳುವುದು ಬಹಳ ಅಪಾಯ; ಅಲ್ಲಿ ಬರುವ ಬಸ್ಸು ವೇಗವಾಗಿರುತ್ತದೆ, ಪಕ್ಕದ ಗದ್ದಲದಲ್ಲಿ ಅದರ ಸದ್ದು ಕೇಳುವುದೂ ಇಲ್ಲ. ಶಾಲೆ ಮಕ್ಕಳು, ವಯಸ್ಸಾದವರು ದಾಟುವ ಪ್ರತಿ ನಿಲ್ದಾಣಕ್ಕೂ ಉಬ್ಬು, ಬೆಳಕು, ಕೆಲಸ ಮಾಡುವ ಸಿಗ್ನಲ್ ಮೂರೂ ಇರಲೇಬೇಕು. ಇದರಲ್ಲಿ ರಾಜಿ ಸಲ್ಲದು.

ಮಳೆಗಾಲದಲ್ಲಿ ಟೋಲ್ ನಾಕಾದ ಸುತ್ತ ನೀರು ನಿಲ್ಲುವುದು ಧಾರವಾಡದವರಿಗೆ ಗೊತ್ತೇ ಇದೆ. ಜೋರು ಮಳೆಯ ದಿನ ಅಲ್ಲಿ ಇಳಿಯುವುದಿದ್ದರೆ ಒಂದು ನಿಲ್ದಾಣ ಹಿಂದೆ ಅಥವಾ ಮುಂದೆ ಇಳಿಯುವಂತೆ ಟಿಕೆಟ್ ತೆಗೆದುಕೊಳ್ಳಿ.

ಬಸ್ಸುಗಳಿಗೂ ವಯಸ್ಸಾಗುತ್ತಿದೆ. ಮೊದಲ ತಂಡದ ವೋಲ್ವೊಗಳು ಬೆಳಗಿನಿಂದ ರಾತ್ರಿ ತನಕ ಇದೇ ದಾರಿಯಲ್ಲಿ ಓಡಿವೆ. ಕ್ಷಣಕ್ಕೊಮ್ಮೆ ತೆರೆದು ಮುಚ್ಚುವ ಬಾಗಿಲು, ಬ್ರೇಕು, ಎ.ಸಿ. ಕಂಪ್ರೆಸರ್ ಇವು ಸವೆಯುವುದು ಸಹಜ. ಎ.ಸಿ. ಬಸ್ಸಿನ ಕಿಟಕಿ ಪೂರ್ತಿ ತೆರೆಯಲು ಬರುವುದಿಲ್ಲ, ಆದ್ದರಿಂದ ತಂಪು ಕೆಟ್ಟ ಬಸ್ಸಿನಲ್ಲಿ ನಿಂತು ಹೋಗುವುದು ಸಾದಾ ಬಸ್ಸಿಗಿಂತಲೂ ಕಷ್ಟ. ಹೊಸ ಬಸ್ಸುಗಳು ಎಷ್ಟು ಬೇಗ ಸೇರುತ್ತವೆ ಎನ್ನುವುದರ ಮೇಲೆ ಈ ಸೇವೆಯ ಮುಂದಿನ ವರ್ಷಗಳು ನಿಂತಿವೆ.

ಹೆಣ್ಣುಮಕ್ಕಳಿಗೆ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸಂಸ್ಥೆಯ ಸಾಮಾನ್ಯ ಬಸ್ಸುಗಳು ಉಚಿತ, ಎ.ಸಿ. ಬಸ್ಸುಗಳು ಅದರಲ್ಲಿ ಸೇರಿಲ್ಲ. ಹೀಗಾಗಿ ನವನಗರದಿಂದ ಧಾರವಾಡಕ್ಕೆ ಹೋಗುವ ಹೆಣ್ಣುಮಗಳು ದುಡ್ಡು ಕೊಟ್ಟು ಬೇಗ ಹೋಗಬೇಕೋ, ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ ನಿಧಾನ ಹೋಗಬೇಕೋ ಎಂದು ದಿನವೂ ತೂಗಿ ನೋಡುವಂತಾಗಿದೆ. ಕಡಿಮೆ ಸಂಬಳಕ್ಕೆ ಅಂಗಡಿ, ಆಸ್ಪತ್ರೆ, ಮನೆಗೆಲಸಕ್ಕೆ ಓಡಾಡುವವರಿಗೆ ಈ ದಾರಿಯಲ್ಲಿ ಎ.ಸಿ. ಐಷಾರಾಮವಲ್ಲ, ಪಥ ಇರುವ ಬಸ್ಸೇ ಎ.ಸಿ. ಬಸ್ಸಾಗಿರುವಾಗ ಅವರನ್ನು ಹೊರಗಿಡುವುದು ನ್ಯಾಯವೆನಿಸುವುದಿಲ್ಲ. ವಿದ್ಯಾರ್ಥಿಗಳೂ ಅಷ್ಟೇ, ತಮ್ಮ ಪಾಸು ಚಿಗರಿಗೆ ನಡೆಯುತ್ತದೆಯೇ ಎಂದು ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳಲಿ.

ಬಸ್ಸಿನ ಪಥವನ್ನು ಎಲ್ಲ ವಾಹನಗಳಿಗೂ ಬಿಟ್ಟುಬಿಡಿ, ಖಾಲಿ ಬಿದ್ದಿರುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎರಡು ನಿಮಿಷಕ್ಕೊಂದು ಬಸ್ಸು ಹೋದರೂ ಪಥ ನೋಡಲು ಖಾಲಿಯೇ. ಆದರೆ ಐವತ್ತು ಜನರ ಒಂದು ಬಸ್ಸೆಂದರೆ, ಕಾರಿಗೆ ಒಬ್ಬಿಬ್ಬರಂತೆ ಹಿಡಿದರೆ, ಮೂವತ್ತಕ್ಕೂ ಹೆಚ್ಚು ಕಾರು. ಪಥ ಬಿಟ್ಟುಕೊಟ್ಟ ಕೆಲವೇ ತಿಂಗಳಲ್ಲಿ ಅದೂ ಪಕ್ಕದ ಪಥದಂತೆ ತುಂಬುತ್ತದೆ. ಬಸ್ಸು ನಿಧಾನವಾದರೆ ಅದರ ಜನ ಬೈಕು-ಕಾರಿಗೆ ಮರಳುತ್ತಾರೆ, ಕಾರಿನವರಿಗೂ ಸಿಕ್ಕ ಲಾಭ ಹೋಗುತ್ತದೆ. ಪೇಟೆಯೊಳಗೂ ಒಂದಿಷ್ಟು ಪಥ ಬಸ್ಸಿಗೆ ಸಿಗಬೇಕು ಎಂದು ಕೇಳಬೇಕಾದ ಹೊತ್ತಿದು.

ಯಾರಿಗೆ ಇದು ಹೊಂದುತ್ತದೆ? ಮನೆಯೂ ಕೆಲಸದ ಜಾಗವೂ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗಿದ್ದರೆ ಎರಡನೇ ಮಾತಿಲ್ಲ. ಒಂದು ತುದಿ ಮಾತ್ರ ಹತ್ತಿರವಿದ್ದರೆ, ಉದಾಹರಣೆಗೆ ಮನೆ ಕೇಶ್ವಾಪುರದಲ್ಲಿ, ಕಚೇರಿ ಎಸ್.ಡಿ.ಎಂ. ಬಳಿ, ಆಗ ಸಿಟಿ ಬಸ್ಸು ಅಥವಾ ರಿಕ್ಷಾದಲ್ಲಿ ನಿಲ್ದಾಣಕ್ಕೆ ಬರುವ ಖರ್ಚನ್ನೂ ಸೇರಿಸಿ ನೋಡಿ. ಆದರೂ ಕಾರಿಗಿಂತ ಅಗ್ಗ, ಸಮಯ ಹೆಚ್ಚುಕಡಿಮೆ ಸಮ. ಸ್ಕೂಟರ್ ನಿಲ್ಲಿಸಿ ಬಸ್ಸು ಹತ್ತೋಣ ಅಂದರೆ ಹೆಚ್ಚಿನ ನಿಲ್ದಾಣಗಳ ಬಳಿ ಸರಿಯಾದ ಜಾಗವಿಲ್ಲ, ಇದು ಬೇಗ ಆಗಬೇಕಾದ ಕೆಲಸ. ಎರಡೂ ತುದಿ ದೂರವಿದ್ದರೆ, ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಸೂಟ್‌ಕೇಸ್ ಹಿಡಿದು ಕೆಲಗೇರಿ ಕಡೆಗೋ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗುವವರಿಗೆ, ಕಾರೋ ಟ್ಯಾಕ್ಸಿಯೋ ಸರಿ. ರಾತ್ರಿ ಬಹಳ ತಡವಾಗಿ ಮರಳುವವರು ಕೊನೆಯ ಬಸ್ಸಿನ ವೇಳೆಯನ್ನು ಹೋಗುವಾಗಲೇ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಬೇಕು.

ರೈಲನ್ನೂ ಮರೆಯಬಾರದು. ಹುಬ್ಬಳ್ಳಿ–ಧಾರವಾಡ ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳಿವೆ. ಪ್ಯಾಸೆಂಜರ್ ಗಾಡಿ ನಿಮ್ಮ ವೇಳೆಗೆ ಸರಿಹೊಂದಿದರೆ ಇದಕ್ಕಿಂತ ಅಗ್ಗದ ಪ್ರಯಾಣ ಇಲ್ಲ. ಆದರೆ ದಿನಕ್ಕೆ ಕೆಲವೇ ಗಾಡಿ, ತಪ್ಪಿದರೆ ಬಸ್ಸೇ ಗತಿ.

ಗದಗಿನಿಂದ ಧಾರವಾಡಕ್ಕೆ ಕಾರಿನಲ್ಲಿ ಬರುವವರು ಒಂದು ಕಡೆಗೆ ಸುಮಾರು 80 ಕಿಲೋಮೀಟರ್ ಓಡಿಸುತ್ತಾರೆ, ಅದರಲ್ಲಿ ದಣಿಸುವುದು ಹುಬ್ಬಳ್ಳಿ ದಾಟುವ ತುಂಡು. ರೈಲಿನಲ್ಲಿ ಹುಬ್ಬಳ್ಳಿಗೆ ಬಂದರೆ ನಿಲ್ದಾಣದ ಹೊರಗೇ ಚಿಗರಿ ಸಿಗುತ್ತದೆ. ಅಲ್ಲಿಯ ಅತಿ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ; ಗಾಡಿ ಅದರ ದೂರದ ತುದಿಯಲ್ಲಿ ನಿಂತರೆ ನಡೆಯಲು ಹದಿನೈದು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಹಾವೇರಿ ಕಡೆಯಿಂದ ಬಸ್ಸಿನಲ್ಲಿ ಬಂದು ಕಿಮ್ಸ್‌ಗೋ ವಿದ್ಯಾನಗರಕ್ಕೋ ಹೋಗುವವರು ತಮ್ಮ ಬಸ್ಸು ಹೊಸೂರಿಗೆ ಬರುತ್ತದೆಯೇ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಲಿ. ಬರುವುದಾದರೆ ಅಲ್ಲಿಯೇ ಇಳಿದು ಚಿಗರಿ ಹಿಡಿಯಬಹುದು, ಪೇಟೆಯೊಳಗೆ ಹೋಗಿ ಬರುವ ತಾಪತ್ರಯ ಇರುವುದಿಲ್ಲ. ಹೈಕೋರ್ಟ್ ಪೀಠಕ್ಕೆ ಹೋಗುವವರಿಗೆ ಮಾತ್ರ ಚಿಗರಿ ಪೂರ್ತಿ ದಾರಿ ಮುಟ್ಟಿಸುವುದಿಲ್ಲ. ಅದು ಧಾರವಾಡ ದಾಟಿ ಬೆಳಗಾವಿ ಕಡೆ ಇದೆ, ಊರೊಳಗೆ ಇಳಿದು ಬೇರೆ ಬಸ್ಸು ಹಿಡಿಯಬೇಕು. ಕಲಾಪದ ವೇಳೆಗೆ ತಲುಪಬೇಕಿದ್ದರೆ ಆ ಬದಲಾವಣೆಗೆಂದೇ ಅರ್ಧ ಗಂಟೆ ಮೊದಲು ಹೊರಡಿ.